ನ್ಯೂಯಾರ್ಕ್‌ಗೆ ಹೋದರೆ ಒಂದು ಸಂಜೆ ಈ ನೆಲಮಾಳಿಗೆಗೆ ಇಳಿಯಿರಿ

ಸಂಪಾದಕರೇ,

ನಿಮ್ಮ ಪ್ರವಾಸ ಪುಟದಲ್ಲಿ ನ್ಯೂಯಾರ್ಕ್ ಬಗ್ಗೆ ಬಂದ ಬರಹ ಓದಿದೆ. ಲಿಬರ್ಟಿ ಪ್ರತಿಮೆ, ಟೈಮ್ಸ್ ಸ್ಕ್ವೇರ್, ಸೆಂಟ್ರಲ್ ಪಾರ್ಕ್ ಎಲ್ಲವೂ ಇತ್ತು. ಅಲ್ಲಿನ ಜಾಝ್ ಸಂಗೀತದ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ಅದಕ್ಕೇ ಈ ಪತ್ರ.

ನ್ಯೂಯಾರ್ಕ್‌ನ ಗ್ರೀನಿಚ್ ವಿಲೇಜ್ ಬಡಾವಣೆಯಲ್ಲಿ, ಸೆವೆಂತ್ ಅವೆನ್ಯೂ ಸೌತ್ ರಸ್ತೆಯ ಮೇಲೆ ವಿಲೇಜ್ ವ್ಯಾನ್‌ಗಾರ್ಡ್ ಅಂತ ಒಂದು ಜಾಝ್ ಕ್ಲಬ್ ಇದೆ. ಗೊತ್ತಿಲ್ಲದವರು ಸುಮ್ನೆ ದಾಟಿ ಹೋಗಿಬಿಡುತ್ತಾರೆ. ಕೆಂಪು ಬಾಗಿಲು ತೆಗೆದರೆ ಇಕ್ಕಟ್ಟಾದ ಮೆಟ್ಟಿಲು, ಇಳಿದರೆ ನೆಲಮಾಳಿಗೆ, ಅಷ್ಟೇ. ಮ್ಯಾಕ್ಸ್ ಗಾರ್ಡನ್ ಅನ್ನುವವರು 1935ರಲ್ಲಿ ಇಲ್ಲಿ ಕ್ಲಬ್ ಶುರು ಮಾಡಿದಾಗ ಕವಿತೆ, ಜನಪದ ಹಾಡು, ಹಾಸ್ಯ ಎಲ್ಲ ನಡೆಯುತ್ತಿತ್ತು. 1957ರ ಹೊತ್ತಿಗೆ ಪೂರ್ತಿ ಜಾಝ್ ಆಯಿತು. 1989ರಲ್ಲಿ ಅವರು ತೀರಿಕೊಂಡ ಮೇಲೆ ಹೆಂಡತಿ ಲೊರೇನ್ ನಡೆಸಿದರು, ಆಮೇಲೆ ಮಗಳು ಡೆಬೊರಾ. ಇಷ್ಟು ಹೆಸರಾದ ಮೇಲೂ ಜಾಗ ದೊಡ್ಡದು ಮಾಡಲಿಲ್ಲ. ನನಗೆ ಅದೇ ಜಾಸ್ತಿ ಇಷ್ಟವಾಗಿದ್ದು.

ಹಿಡಿಸುವುದು 123 ಜನ. ಕೋಣೆ ತ್ರಿಕೋನದ ಹಾಗಿದೆ, ವೇದಿಕೆ ಕಡೆಗೆ ಕಿರಿದಾಗುತ್ತಾ ಹೋಗುತ್ತದೆ, ಹಾಗಾಗಿ ಎಲ್ಲಿ ಕೂತರೂ ನುಡಿಸುವವರ ಹತ್ತಿರವೇ ಕೂತಂತೆ. ಬೇಸ್ ಅನ್ನುವ ದೊಡ್ಡ ತಂತಿವಾದ್ಯ ನುಡಿಸುವವರ ಬೆರಳು ತಂತಿಯ ಮೇಲೆ ಜಾರುವ ಸದ್ದೂ ನನಗೆ ಕೇಳುತ್ತಿತ್ತು. ಊಟ ಸಿಗುವುದಿಲ್ಲ. ಹಾಡು ನಡೆಯುವಾಗ ಫೋನ್ ಹೊರಗೆ ತೆಗೆಯುವಂತಿಲ್ಲ. ಮೊದಲ ಐದು ನಿಮಿಷ ಕೈ ಚಡಪಡಿಸಿದ್ದು ನಿಜ, ಆಮೇಲೆ ಅದರ ನೆನಪೇ ಬರಲಿಲ್ಲ.

ನಾನು ಅಲ್ಲಿಗೆ ಹೋಗಿದ್ದೇ ಅದೇ ಕೋಣೆಯಲ್ಲಿ ಆದ ಒಂದು ಹಳೆಯ ಧ್ವನಿಮುದ್ರಣದ ನೆನಪಿಗಾಗಿ. 1961ರ ಜೂನ್ 25, ಭಾನುವಾರ. ಪಿಯಾನೋದಲ್ಲಿ ಬಿಲ್ ಇವಾನ್ಸ್, ಬೇಸ್‌ನಲ್ಲಿ ಸ್ಕಾಟ್ ಲಫಾರೊ, ಡ್ರಮ್ಸ್‌ನಲ್ಲಿ ಪಾಲ್ ಮೋಷಿಯನ್. ಮಧ್ಯಾಹ್ನ ಎರಡು ಸುತ್ತು, ಸಂಜೆ ಮೂರು ಸುತ್ತು ನುಡಿಸಿದರು, ಎಲ್ಲವೂ ಟೇಪ್ ಆಯಿತು. ಕಿವಿಗೊಟ್ಟು ಕೇಳಿದರೆ ಹಿಂದೆ ಗ್ಲಾಸು ತಾಗುವ ಸದ್ದು, ಯಾರೋ ಮಾತಾಡುವುದು, ಯಾರೋ ನಗುವುದು ಕೇಳುತ್ತದೆ. ಹನ್ನೊಂದು ದಿನ ಕಳೆದು, ಜುಲೈ 6ಕ್ಕೆ, ಲಫಾರೊ ಕಾರು ಅಪಘಾತದಲ್ಲಿ ಹೋಗಿಬಿಟ್ಟರು. ಆಗ ಅವರಿಗೆ ಬರೀ 25 ವರ್ಷ. ಅವತ್ತು ಅಲ್ಲಿ ಹರಟುತ್ತಾ ಕೂತಿದ್ದ ಯಾರಿಗೆ ತಾನೇ ಗೊತ್ತಿತ್ತು, ಈ ಮೂವರು ಒಟ್ಟಿಗೆ ಮಾಡುವ ಕೊನೆಯ ಮುದ್ರಣ ಇದೇ ಅಂತ? ವರ್ಷಗಟ್ಟಲೆ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಆ ಗ್ಲಾಸುಗಳ ಸದ್ದು ಕೇಳಿದ್ದ ನಾನು ಅದೇ ಕೋಣೆಯಲ್ಲಿ ಕೂತಾಗ, ಪಕ್ಕದ ಮೇಜಿನಲ್ಲಿ ಯಾರೋ ಗ್ಲಾಸು ಇಟ್ಟ ಸದ್ದಿಗೆ ಕಣ್ಣು ತುಂಬಿ ಬಂತು. ಆಮೇಲೆ ನನ್ನ ಗ್ಲಾಸನ್ನೂ ಸದ್ದಾಗದ ಹಾಗೆ ಹುಷಾರಾಗಿ ಎತ್ತಿ ಇಟ್ಟೆ.

ಜಾಝ್ ಅರ್ಥವಾಗಲ್ಲ ಅನ್ನುವವರೂ ಹೋಗಿ. ಗೋಡೆ ತುಂಬ ಹಳೆಯ ಕಲಾವಿದರ ಫೋಟೋಗಳಿವೆ, ಆದರೆ ಅದು ಮ್ಯೂಸಿಯಂ ಅಲ್ಲ, ಇವತ್ತಿನವರು ಇವತ್ತಿನ ಸಂಗೀತ ನುಡಿಸುವ ಜಾಗ.

ಮುಂದಿನ ಸಲ ನ್ಯೂಯಾರ್ಕ್ ಬಗ್ಗೆ ಬರೆಯುವಾಗ ಇದಕ್ಕೊಂದು ಪ್ಯಾರಾ ಜಾಗ ಕೊಡಿ. ಸೋಮವಾರವೇ ಹೋಗಿ ಅಂತ ಓದುಗರಿಗೆ ಹೇಳಿ. ಜಾಝ್ ಕಲಾವಿದರಾದ ಥ್ಯಾಡ್ ಜೋನ್ಸ್ ಮತ್ತು ಮೆಲ್ ಲೂಯಿಸ್ 1966ರ ಫೆಬ್ರುವರಿಯಲ್ಲಿ ಶುರು ಮಾಡಿದ ದೊಡ್ಡ ವಾದ್ಯತಂಡದ ಮುಂದಿನ ತಲೆಮಾರು ಅವತ್ತು ನುಡಿಸುತ್ತದೆ. ಆ ಪುಟ್ಟ ವೇದಿಕೆ ಮೇಲೆ ಹದಿನಾರು ಜನ!

ಇಂತಿ,
ನಿಮ್ಮ ಓದುಗ