ಲಿಂಕ್ ಕಳಿಸಿದೋರೆಲ್ಲ ಕಳ್ಳರಲ್ಲ, ಗೊತ್ತಿದ್ದೂ ಕಳಿಸೋರನ್ನ ಬಿಡಬಾರದು

ಮಾನ್ಯ ಸಂಪಾದಕರೇ,

ನಮ್ಮ ಸಾಗರ, ಹೊಸನಗರ ಕಡೆ ಈಗ ಹೊಸ ಸಿನಿಮಾ ರಿಲೀಸ್ ಆಗೋದೇ ತಡ, ಕದ್ದ ಕಾಪಿ ಲಿಂಕು ವಾಟ್ಸಾಪ್ ಗ್ರೂಪಿಗೆ ಬಂದು ಬೀಳತ್ತೆ, ಕಳಿಸಿದೋರನ್ನ ಕೇಳಿದ್ರೆ "ನಾನೇನು ಅಪ್‌ಲೋಡ್ ಮಾಡಿದ್ನಾ ಮಾರಾಯ, ಬರೀ ಲಿಂಕ್ ತಾನೇ" ಅಂತಾರೆ. ಇನ್ನೊಂದ್ ಕಡೆ, ಮೇಳದೋರೇ ಯೂಟ್ಯೂಬಿಗೆ ಹಾಕಿರೋ ಯಕ್ಷಗಾನದ ಲಿಂಕ್ ಕಳಿಸೋಕೂ ಕೇಸ್ ಬೀಳತ್ತೇನೋ ಅಂತ ಹೆದರೋರಿದಾರೆ. ಎರಡೂ ತಪ್ಪು ತಿಳುವಳಿಕೆನೇ.

1957ರ ಕಾಪಿರೈಟ್ ಕಾಯ್ದೆಲಿ ಲಿಂಕ್ ಕೊಡೋದೇ ಅಪರಾಧ ಅಂತ ಎಲ್ಲೂ ನೇರವಾಗಿ ಬರ್ದಿಲ್ಲ. ಆದ್ರೆ 63ನೇ ಸೆಕ್ಷನ್ ಪ್ರಕಾರ ಗೊತ್ತಿದ್ದೂ ಹಕ್ಕು ಉಲ್ಲಂಘಿಸೋನಷ್ಟೇ ಅಲ್ಲ, ಅದಕ್ಕೆ ಕುಮ್ಮಕ್ಕು ಕೊಡೋನೂ ಸಿಕ್ಕಿಬೀಳ್ತಾನೆ, 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ. ಇದು ಪೊಲೀಸರು ವಾರಂಟ್ ಇಲ್ದೇ ಹಿಡಿಯಬಹುದಾದ, ಜಾಮೀನು ಸಿಗದ ಅಪರಾಧ ಅಂತ 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹಾಗಾಗಿ ಬರೀ ಲಿಂಕ್ ತಾನೇ ಅನ್ನೋ ಮಾತು ಎಲ್ಲಾ ಕಡೆ ನಡಿಯಲ್ಲ. ಗ್ರೂಪ್ ಅಡ್ಮಿನ್‌ಗಳು ಮಾತ್ರ ಸ್ವಲ್ಪ ಉಸಿರಾಡಬಹುದು, ಮೆಂಬರ್ ಹಾಕಿದ ಪೋಸ್ಟಿಗೆ ಅಡ್ಮಿನ್ ಅನ್ನೋ ಒಂದೇ ಕಾರಣಕ್ಕೆ ಹೊಣೆ ಆಗಲ್ಲ ಅಂತ ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ.

ಯುರೋಪಿನ ಕೋರ್ಟು ಇದನ್ನ ಬಿಡಿಸಿ ನೋಡಿರೋದು ನಂಗೆ ಸರಿ ಅನ್ಸತ್ತೆ. ಹಕ್ಕಿರೋರೇ ಎಲ್ರಿಗೂ ಸಿಗೋ ಹಾಗೆ ಹಾಕಿದ್ದಕ್ಕೆ ಲಿಂಕ್ ಕೊಟ್ರೆ ಉಲ್ಲಂಘನೆ ಅಲ್ಲ ಅಂತ 2014ರಲ್ಲಿ, ಅನುಮತಿ ಇಲ್ದೇ ಹಾಕಿದ್ದಕ್ಕೆ ದುಡ್ಡು ಮಾಡೋಕೆ ಲಿಂಕ್ ಕೊಟ್ರೆ ಅವನಿಗೆ ವಿಷಯ ಗೊತ್ತಿತ್ತು ಅಂತಲೇ ಹಿಡೀಬೇಕು ಅಂತ 2016ರಲ್ಲಿ ಹೇಳ್ತು, ಗೊತ್ತಿರಲಿಲ್ಲ ಅಂತ ತೋರಿಸೋ ಭಾರ ಅವನ ಮೇಲೇ. ಕದ್ದ ಅಡಿಕೆ ಯಾವ ಕೊಟ್ಟಿಗೆಲಿದೆ ಅಂತ ಗೊತ್ತಿದ್ದೂ ಗಿರಾಕಿನ ಕರ್ಕೊಂಡ್ ಹೋಗಿ ಕಮಿಷನ್ ತಗೊಳೋನನ್ನ ನಮ್ಮೂರೋರು ಸುಮ್ನೆ ಬಿಡ್ತಾರಾ?

ನಂಗೆ ಹೊಟ್ಟೆ ಉರಿಯೋದು ಯಕ್ಷಗಾನದ ವಿಷ್ಯದಲ್ಲಿ. ರಾತ್ರಿ ಪೂರ್ತಿ ಕುಣಿದು, ಗಂಟಲು ಹರ್ಕೊಂಡು ಪದ್ಯ ಹೇಳೋ ಭಾಗವತರಿಗೆ, ವೇಷಧಾರಿಗಳಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷದ ಹಕ್ಕು ಕಾಯ್ದೆಲಿದೆ, ಅವರನ್ನ ಒಂದ್ ಮಾತು ಕೇಳದೇ ರೆಕಾರ್ಡ್ ಮಾಡಿ ಹಾಕೋ ಹಾಗಿಲ್ಲ. ಆದ್ರೆ ಯಾರೋ ಮುಂದಿನ ಸಾಲಲ್ಲಿ ಕೂತು ಮೊಬೈಲಲ್ಲಿ ಹಿಡ್ದು ಹಾಕ್ತಾರೆ, ಇನ್ಯಾರೋ ಅದರ ಲಿಂಕನ್ನ ತಮ್ಮ ಚಾನೆಲಲ್ಲಿ ಹಂಚಿ ಜಾಹೀರಾತಿಂದ ದುಡ್ಡು ಮಾಡ್ತಾರೆ, ಮಳೆಗಾಲ ಬಂದು ತಿರುಗಾಟ ನಿಂತು ಕಲಾವಿದ ಮನೇಲಿ ಕೂತಾಗ ಅವನಿಗೆ ಅದ್ರಲ್ಲಿ ಒಂದ್ ಪೈಸೆ ಬರಲ್ಲ. ಸಿನಿಮಾದೋರಿಗೆ ವಕೀಲರಿದಾರೆ, 2023ರಲ್ಲಿ ಬಿಗಿ ಮಾಡಿದ ಸಿನಿಮಾಟೋಗ್ರಾಫ್ ಕಾಯ್ದೆನೂ ಇದೆ, ಮೇಳದ ಕಲಾವಿದ ಯಾರ ಹತ್ರ ಹೋಗಬೇಕು?

ಹಾಗಾಗಿ ಗೊತ್ತಿದ್ದೂ ಲಾಭಕ್ಕೆ ಲಿಂಕ್ ಹಂಚೋರು ಯಾರು, ಗೊತ್ತಿಲ್ದೇ ಫಾರ್ವರ್ಡ್ ಮಾಡೋರು ಯಾರು ಅಂತ ಕಾಯ್ದೆಲೇ ಬಿಡಿಸಿ ಬರೀಬೇಕು. ಮನೇಲಿ ಕೂತು ಫಾರ್ವರ್ಡ್ ಮಾಡಿದ ಅಜ್ಜಿಗೆ ಮೊದ್ಲು ಒಂದ್ ನೋಟಿಸ್ ಕೊಟ್ಟು ತೆಗಿಸ್ಲಿ, ಕೇಸ್ ಹಾಕೋದಿದ್ರೆ ಸಾವಿರಾರು ಜನನ್ನ ಸೇರಿಸ್ಕೊಂಡು ದಿನಾ ಕದ್ದ ಲಿಂಕ್ ಹಾಕೋ ಟೆಲಿಗ್ರಾಂ ಚಾನೆಲ್‌ನೋರಿಂದ ಶುರು ಮಾಡ್ಲಿ. ಕಲಾವಿದರು ದೂರು ಕೊಡೋಕೆ ಶಿವಮೊಗ್ಗದಲ್ಲೇ ಒಬ್ಬ ಅಧಿಕಾರಿನ ಗೊತ್ತು ಮಾಡ್ಲಿ.

- ನಿಮ್ಮ ಓದುಗ, ಸಾಗರ