ದೇವರ ಪಟ ಇಳಿಸಲು ಹೊಳೆಯಲ್ಲದೆ ಬೇರೊಂದು ಜಾಗ ಬೇಕು

ಮಾನ್ಯ ಸಂಪಾದಕರೇ,

ಶಿವಮೊಗ್ಗದಲ್ಲಿ ಮೂವತ್ತೆಂಟು ವರ್ಷ ಫೋಟೊಗೆ ಕಟ್ಟು ಹಾಕುವ ಅಂಗಡಿ ನಡೆಸಿದವನು ನಾನು. ಈ ಊರಿನ ಎಷ್ಟು ಮನೆಯ ದೇವರ ಕೋಣೆಯಲ್ಲಿ ನನ್ನ ಕೈಯ ಕಟ್ಟು ಇದೆಯೋ ಲೆಕ್ಕವಿಟ್ಟಿಲ್ಲ. ಅಂಗಡಿ ಮುಚ್ಚಿದ ಮೇಲೆ, ಎರಡು ವರ್ಷದಿಂದ, ಪ್ರತಿ ಭಾನುವಾರ ತುಂಗೆಯ ದಡ ಚೊಕ್ಕಟ ಮಾಡುವ ಒಂದು ಸಣ್ಣ ತಂಡದ ಜೊತೆ ಹೋಗುತ್ತಿದ್ದೇನೆ. ಇರುವುದು ಹನ್ನೊಂದೋ ಹನ್ನೆರಡೋ ಜನ. ಕಾಲೇಜು ಹುಡುಗರು, ಒಬ್ಬರು ನಿವೃತ್ತ ಟೀಚರು, ಒಬ್ಬರು ಆಟೊ ಓಡಿಸುವವರು. ಅವರ ಆಟೊವೇ ನಮ್ಮ ಕಸದ ಗಾಡಿ.

ಮಳೆಗಾಲದಲ್ಲಿ ಕೋರ್ಪಲಯ್ಯನ ಛತ್ರದ ಹತ್ತಿರ ಮಂಟಪ ಮುಳುಗಿತು ಅಂದರೆ ಊರಿಗೆ ಊರೇ ಹೊಳೆ ನೋಡಲು ಬರುತ್ತದೆ. ಅದೇ ಹೊಳೆಯನ್ನು ಮಾರ್ಚ್‌ನಲ್ಲೊಮ್ಮೆ ಬಂದು ನೋಡಿ. ನೀರು ಇಳಿದು ಬಂಡೆ ಎದ್ದಾಗ ಸಂದಿಗೊಂದಿಯಲ್ಲಿ ಸಿಕ್ಕಿಕೊಂಡದ್ದೆಲ್ಲ ಕಾಣುತ್ತದೆ. ಹಳೆ ಬಟ್ಟೆ, ಪ್ಲಾಸ್ಟಿಕ್ ಹಾರ, ಪೂಜೆ ಸಾಮಾನಿನ ಕವರು. ಎಲ್ಲಕ್ಕಿಂತ ಕಷ್ಟದ್ದು ದೇವರ ಪಟ.

ಈಚೆಗೆ ಒಂದು ವೆಂಕಟರಮಣನ ಪಟ ಸಿಕ್ಕಿತು. ಚಿತ್ರ ನೀರು ಕುಡಿದು ಮುಖವೇ ಉಳಿದಿರಲಿಲ್ಲ, ಗಾಜಿನ ಒಂದು ಮೂಲೆ ಹಾರಿತ್ತು. ಹಿಂದೆ ತಿರುಗಿಸಿ ನೋಡಿದೆ. ಸಾಗುವಾನಿ ಪಟ್ಟಿ, ಮೂಲೆಗೆ ಎರಡೆರಡು ಮೊಳೆ ಓರೆಯಾಗಿ, ತೂಗುಹಾಕುವ ತಂತಿಗೆ ಕೊಂಡಿಯ ಹತ್ತಿರ ಮೂರು ಸುತ್ತು. ಅದು ನನ್ನದೇ ಕೈ. ಯಾರೋ ನನ್ನ ಅಂಗಡಿಯಿಂದ ಎದೆಗೊತ್ತಿಕೊಂಡು ಒಯ್ದಿದ್ದ ಪಟ. ಇಕ್ಕಳ ತಂದಿದ್ದೆ, ಅಲ್ಲೇ ಮೆಟ್ಟಿಲ ಮೇಲೆ ಕೂತು ಬಿಚ್ಚಿದೆ. ಮೊದಲು ಮೊಳೆ, ಆಮೇಲೆ ಹಿಂಬದಿಯ ರಟ್ಟು, ಚಿತ್ರ, ಕೊನೆಗೆ ಗಾಜು. ಕೈ ಪಳಗಿದವರಿಗೆ ಐದು ನಿಮಿಷದ ಕೆಲಸ. ಮರ ಇನ್ನೂ ಗಟ್ಟಿಯಾಗಿಯೇ ಇತ್ತು.

ಈಗಿನ ಕಟ್ಟುಗಳು ಹೀಗಲ್ಲ. ಮರದ ಬಣ್ಣ ಬಳಿದ ಪ್ಲಾಸ್ಟಿಕ್ ಪಟ್ಟಿ, ಚಿತ್ರದ ಮೇಲೂ ಲ್ಯಾಮಿನೇಷನ್. ನೀರಿನಲ್ಲಿ ಕೊಳೆಯುವುದಿಲ್ಲ, ಸುಟ್ಟರೆ ಕೆಟ್ಟ ಹೊಗೆ. ಕೊನೆಯ ಹದಿನೈದು ವರ್ಷ ನಾನೂ ಅದನ್ನೇ ಮಾರಿದೆ. ಅಗ್ಗ ಬೇಕೆಂದು ಗಿರಾಕಿ ಕೇಳಿದರು, ನಾನು ಕೊಟ್ಟೆ. ಆ ಹೊಣೆ ನನ್ನ ಮೇಲಿದೆ ಅನ್ನಿಸಿಯೇ ಇದನ್ನು ಬರೆಯುತ್ತಿದ್ದೇನೆ.

ಪಟ ತಂದು ಬಿಡುವವರ ಮೇಲೆ ನನಗೆ ಸಿಟ್ಟಿಲ್ಲ. ಭಿನ್ನವಾದದ್ದನ್ನು ಮನೆಯಲ್ಲಿ ಇಡಬಾರದು ಅನ್ನುತ್ತಾರೆ. ಕಸದ ಗಾಡಿಗೆ ಹಾಕಲು ಮನಸ್ಸು ಒಪ್ಪುವುದಿಲ್ಲ, ನನಗೂ ಒಪ್ಪುವುದಿಲ್ಲ. ಉಳಿಯುವುದು ಅಶ್ವತ್ಥಕಟ್ಟೆ, ಇಲ್ಲವೇ ಹೊಳೆ. ಕಟ್ಟೆಯಲ್ಲಿ ಗಾಜು ಒಡೆದರೆ ಪ್ರದಕ್ಷಿಣೆ ಬರುವವರ ಕಾಲಿಗೆ. ಹೊಳೆಯಲ್ಲಿ ಒಡೆದರೆ ಕಾಣುವುದೇ ಇಲ್ಲ. ನಮ್ಮ ಹುಡುಗನೊಬ್ಬನ ಅಂಗಾಲು ಸೀಳಿ ಏಳು ಹೊಲಿಗೆ ಬಿತ್ತು. ಖರ್ಚನ್ನು ನಾವೇ ಹಂಚಿಕೊಂಡೆವು.

ಹೊಳೆಗಾಗಿ ಏನೂ ಆಗುತ್ತಿಲ್ಲ ಎಂದು ನಾನು ಹೇಳುವುದಿಲ್ಲ. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಗಣಪತಿ ಬೇಡವೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಮಾರ್ಗಸೂಚಿಯನ್ನು ಬಿಗಿ ಮಾಡಿತು. 2024ರ ನವೆಂಬರ್‌ನಲ್ಲಿ ಶೃಂಗೇರಿಯಿಂದ ನಿರ್ಮಲ ತುಂಗಭದ್ರಾ ಪಾದಯಾತ್ರೆ ಹೊರಟಿತು. ನದಿತೀರದ ಕ್ಷೇತ್ರಗಳಲ್ಲಿ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಬಾರದು, ನೀರಿಗೆ ಬಟ್ಟೆ ಬಿಡಬಾರದು ಎಂದು 2025ರ ಮಾರ್ಚ್‌ನಲ್ಲಿ ಪರಿಸರ ಸಚಿವರು ಸೂಚಿಸಿದರು. ಗಣಪತಿಗಾದರೆ ಬಿಡಲು ಬೇರೆ ತೊಟ್ಟಿಯನ್ನೂ ಮಾಡುತ್ತಾರೆ. ಪಟಕ್ಕೆ ಮಾತ್ರ ಅಂಥದ್ದೊಂದು ಜಾಗವಿಲ್ಲ.

ಅದಕ್ಕೇ ನನ್ನ ಬೇಡಿಕೆ ಒಂದೇ. ಹೊಳೆಗೆ ಇಳಿಯುವ ದಾರಿಯಲ್ಲಿ, ಮೇಲೆ ರಸ್ತೆ ಬದಿಗೆ, ಮಹಾನಗರ ಪಾಲಿಕೆ ಹತ್ತು ಅಡಿಯ ಒಂದು ಕೋಣೆ ಕೊಡಲಿ. ಒಂದು ಮೇಜು, ನಲ್ಲಿ, ಗಾಜು ತುಂಬಲು ಎರಡು ಡ್ರಮ್ಮು. ಹದಿನೈದು ದಿನಕ್ಕೊಮ್ಮೆ ಒಣಕಸದ ಗಾಡಿ ಬಂದು ಗಾಜನ್ನೂ ಪ್ಲಾಸ್ಟಿಕ್ಕನ್ನೂ ಒಯ್ದರೆ ಸಾಕು. ನಡೆಸುವ ಕೆಲಸ ತಂಡದ್ದು. ಮನೆಯವರು ಬಯಸಿದರೆ ಹೂವಿಟ್ಟು ಮಂಗಳಾರತಿ ಮಾಡಿಯೇ ಬಿಚ್ಚೋಣ. ಲ್ಯಾಮಿನೇಷನ್ ಇಲ್ಲದ ಕಾಗದವನ್ನು ಅವರ ಎದುರೇ ನೆನೆಸಿ ಮಣ್ಣಿಗೆ ಸೇರಿಸೋಣ.

ಇಂಥ ತಂಡಗಳಿಗೆ ನೆರವಾಗಬೇಕು ಅನ್ನುವವರಿಗೂ ಒಂದು ಮಾತು. ಜೂನ್ 5ರ ಪರಿಸರ ದಿನಕ್ಕೆ ಟೀ ಶರ್ಟ್ ಕೊಡಿಸುವವರು ಸಿಗುತ್ತಾರೆ. ನಮಗೆ ಬೇಕಿರುವುದು ಮೊಣಕಾಲುದ್ದದ ಬೂಟು, ದಪ್ಪ ಕೈಗವಸು. ದೊಡ್ಡ ಕಂಪನಿಗಳು ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕೆಂಬ ಕಾನೂನು ಇದೆಯಂತೆ ಎಂದು ವಿಚಾರಿಸಲು ಹೋದೆವು. ಸಂಸ್ಥೆ ನೋಂದಣಿ ಆಗಿರಬೇಕು, ಲೆಕ್ಕ ಆಡಿಟ್ ಆಗಿರಬೇಕು, 2021ರಿಂದ ಈ ಹಣ ಪಡೆಯುವ ಸಂಸ್ಥೆಗಳು ಸರ್ಕಾರಕ್ಕೆ ಸಲ್ಲಿಸುವ ಸಿಎಸ್‌ಆರ್-1 ನಮೂನೆಯನ್ನೂ ತುಂಬಿರಬೇಕು ಎಂದರು. ಕಸ ಎತ್ತುವವರ ಹತ್ತಿರ ಇದಕ್ಕೆಲ್ಲ ಯಾರಿದ್ದಾರೆ? ಊರಿನ ಒಬ್ಬ ಆಡಿಟರು, ಒಬ್ಬ ವಕೀಲರು ವರ್ಷಕ್ಕೆ ಎರಡು ದಿನ ನಮಗೆ ಕೊಟ್ಟರೆ ಅದರಷ್ಟು ದೊಡ್ಡ ಉಪಕಾರ ಬೇರೆ ಇಲ್ಲ.

ಗಂಗಾ ಸ್ನಾನ, ತುಂಗಾ ಪಾನ ಎನ್ನುತ್ತಾ ಬೆಳೆದವರು ನಾವು. ನಮ್ಮ ಮನೆಯ ನಲ್ಲಿಗೆ ಬರುವುದೂ ಇದೇ ನೀರು. ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು ಹರಿಹರದ, ದಾವಣಗೆರೆಯ ಕೊಡಕ್ಕೆ ಬೀಳುವುದೂ ಇದೇ.

ಕೋಣೆ ಸಿಗುವವರೆಗೆ ಕಾಯಬೇಕಿಲ್ಲ. ಭಾನುವಾರ ಬೆಳಿಗ್ಗೆ 7ರಿಂದ 9ರವರೆಗೆ ಛತ್ರದ ಮಂಟಪದ ಎದುರಿನ ದಡದಲ್ಲಿ ಇಕ್ಕಳ, ಸುತ್ತಿಗೆ ಇಟ್ಟುಕೊಂಡು ಕೂತಿರುತ್ತೇನೆ. ಹಳೆಯ ಪಟಗಳನ್ನು ನೀರಿಗೆ ಬಿಡದೆ ನನ್ನ ಕೈಗೆ ಕೊಡಿ.

– ಫೋಟೊ ಕಟ್ಟಿನ ಹಳೆಯ ಕೆಲಸಗಾರ, ಕೋಟೆ ರಸ್ತೆ, ಶಿವಮೊಗ್ಗ