ಕೇರಳಕ್ಕೆ ಕನ್ನಡ ಹೇಗೆ ಬಂತು ಎಂದು ಕೇಳಿದ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸುಮ್ನೆ ನಕ್ಕುಬಿಟ್ಟೆ, ಉತ್ತರ ಕೊಡಲಿಲ್ಲ. ಕಾಸರಗೋಡು ಜಿಲ್ಲೆಯ ಬೇಳದ ಚರ್ಚಿನ ಫೋಟೋ ನೋಡಿ ನೀನು, "ಅದು ಕೇರಳ ಅಲ್ವಾ, ಅಲ್ಲಿಗೆ ಕನ್ನಡ ಹೇಗೆ ಬಂತು?" ಅಂದೆ. ಕನ್ನಡ ಬಂದದ್ದಲ್ಲ ಮಾರಾಯ, ಕೇರಳ ಬಂದದ್ದು. ಅದೂ ಚರ್ಚು ಶುರುವಾಗಿ 66 ವರ್ಷ ಆದ ಮೇಲೆ.

ಮೊದಲು ಊರು ಎಲ್ಲಿದೆ ಅಂತ ಹೇಳುತ್ತೇನೆ. ಮಂಗಳೂರಿನಿಂದ ಹೊರಟು ತಲಪಾಡಿಯಲ್ಲಿ ಗಡಿ ದಾಟಿ, ಮಂಜೇಶ್ವರ, ಉಪ್ಪಳ ಕಳೆದು ಕುಂಬಳೆಗೆ ಬಂದರೆ ಅಲ್ಲಿಂದ ಪೂರ್ವಕ್ಕೆ ಬದಿಯಡ್ಕದ ಕಡೆ ಒಂದು ರಸ್ತೆ ತಿರುಗುತ್ತದೆ. ಸೀತಾಂಗೋಳಿ ದಾಟಿ ನೀರ್ಚಾಲಿನ ಕಡೆ ಹೋಗುವಾಗ ಬೇಳ ಸಿಗುತ್ತದೆ. ಅಡಿಕೆ ತೋಟ, ಮುರಕಲ್ಲಿನ ಗುಡ್ಡ, ನಡುವೆ ಶೋಕಮಾತೆಯ, ಅಂದರೆ ಏಸುವಿನ ತಾಯಿ ಮರಿಯಮ್ಮನ ಇಗರ್ಜಿ. ನಮ್ಮ ಕಡೆ ಕೊಂಕಣಿಯವರು ಚರ್ಚಿಗೆ ಇಗರ್ಜಿ ಅನ್ನುತ್ತಾರೆ, ನನಗೂ ಅದೇ ಬಾಯಿಗೆ ಬರುತ್ತದೆ. ಗಡಿಗೆರೆ ಊರಿನ ಒಳಗೇನೂ ಹಾದುಹೋಗಿಲ್ಲ. ಆದರೂ ಈ ಇಡೀ ಪ್ರದೇಶಕ್ಕೆ ಗಡಿನಾಡು ಅಂತಲೇ ಹೆಸರು.

ಇಗರ್ಜಿ ಶುರುವಾದದ್ದು 1890ರಲ್ಲಿ. ಕಾಸರಗೋಡು ಜಿಲ್ಲೆಯ ಲ್ಯಾಟಿನ್ ಕಥೋಲಿಕರ, ಅಂದರೆ ರೋಮಿನ ಪೂಜಾ ಪದ್ಧತಿ ಅನುಸರಿಸುವ ಕಥೋಲಿಕರ, ಇಗರ್ಜಿಗಳಲ್ಲಿ ಇದೇ ಹಳೆಯದು. ಗೋಥಿಕ್ ಶೈಲಿ. ಮೊನೆ ಮೊನೆ ಕಮಾನು, ಕಣ್ಣನ್ನು ಮೇಲಕ್ಕೆ ಎಳೆಯುವ ಕಟ್ಟಡ. ಇಂಥದ್ದು ಅಡಿಕೆ ತೋಟದ ಮಧ್ಯೆ ಹೇಗೆ ಎದ್ದಿತು ಅಂತ ಕೇಳಿದರೆ ಮಂಗಳೂರಿನ ಕಡೆಗೇ ತಿರುಗಬೇಕು. ಇಟಲಿಯಿಂದ ಬಂದ ಜೆಸ್ವಿಟ್ ಎಂಬ ಕಥೋಲಿಕ ಸಂಘದ ಪಾದ್ರಿಗಳು 1878ರ ಕೊನೆಯಲ್ಲಿ ಮಂಗಳೂರಿಗೆ ಕಾಲಿಟ್ಟಿದ್ದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರುವಾಯಿತು. ಅದೇ ವರ್ಷ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಮರದಡಿಯಲ್ಲಿ ಕೂತು ಔಷಧ ಕೊಡಲು ತೊಡಗಿದರು. ಹಳ್ಳಿಗಳಲ್ಲಿ ಇಗರ್ಜಿಗಳು ಎದ್ದ ಕಾಲ ಅದು. ಆಗ ಇದು ಮದ್ರಾಸ್ ಪ್ರೆಸಿಡೆನ್ಸಿಯ ದಕ್ಷಿಣ ಕನ್ನಡ ಜಿಲ್ಲೆ. ಕೋರ್ಟು, ಕಾಲೇಜು, ಆಸ್ಪತ್ರೆ, ಅಡಿಕೆ ಮಾರುಕಟ್ಟೆ, ಬಿಷಪರು, ಎಲ್ಲಕ್ಕೂ ಮಂಗಳೂರೇ. ರೈಲು ಕೂಡ ಇರಲಿಲ್ಲ, ಅದು ಮಂಗಳೂರು ಮುಟ್ಟಿದ್ದು 1907ರಲ್ಲಿ.

ಈ ಕೊಂಕಣಿ ಕ್ರೈಸ್ತರು ಇಲ್ಲಿಗೆ ಯಾಕೆ ಬಂದರು ಅಂತ ಅಂದು ಫೋನಿನಲ್ಲಿ ನೀನು ಕೇಳಿದ್ದೆ. ಗೋವಾದಿಂದ ಕರಾವಳಿಗುಂಟ ತಲೆಮಾರುಗಟ್ಟಲೆ ಇಳಿದು ಬಂದವರು ಇವರು. 1784ರ ಬೂದಿ ಬುಧವಾರದ ಹೊತ್ತಿಗೆ ಟಿಪ್ಪು ಈ ಸಮುದಾಯವನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಬದುಕಿ ಉಳಿದವರು ವಾಪಸ್ ಬಂದದ್ದು 1799ರಲ್ಲಿ ಟಿಪ್ಪು ಸತ್ತ ನಂತರ. ಎಷ್ಟು ಜನ ಹೋದರು, ಎಷ್ಟು ಜನ ಸತ್ತರು ಎಂಬ ಲೆಕ್ಕದಲ್ಲಿ ಇವತ್ತಿಗೂ ಜಗಳ ಇದೆ. ಆ ಜಗಳಕ್ಕೆ ನಾನು ಇಳಿಯುವುದಿಲ್ಲ.

ಈಗ 1956ಕ್ಕೆ ಬಾ. ನವೆಂಬರ್ 1ಕ್ಕೆ ನಿಮ್ಮಲ್ಲಿ ಬಾವುಟ ಹಾರಿಸಿ ಕುಣಿಯುತ್ತೀರಲ್ಲ, ನಮ್ಮ ಕಡೆಯ ಹಿರಿಯರಿಗೆ ಆ ದಿನ ಬೇರೆಯೇ ನೆನಪು. ಅವತ್ತು ಕಾಸರಗೋಡು ಕೇರಳಕ್ಕೆ ಹೋಯಿತು. ಬೇಳದಲ್ಲಿ ಒಂದು ಕಲ್ಲೂ ಅಲುಗಲಿಲ್ಲ, ಆದರೆ ವಿಳಾಸ ಬದಲಾಗುತ್ತಲೇ ಹೋಯಿತು. ದಕ್ಷಿಣ ಕನ್ನಡ ಇದ್ದದ್ದು ಮಲಬಾರ್ ಆಯಿತು, ಎರಡೇ ತಿಂಗಳಲ್ಲಿ ಕಣ್ಣೂರು ಆಯಿತು, 1984ರಲ್ಲಿ ಕಾಸರಗೋಡು ಜಿಲ್ಲೆ ಆಯಿತು. ಮಧ್ಯೆ 1967ರಲ್ಲಿ, ರಾಜ್ಯಗಳ ಗಡಿ ಜಗಳ ನೋಡಲು ಕೇಂದ್ರ ನೇಮಿಸಿದ್ದ ಮಹಾಜನ ಆಯೋಗ, ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಕೊಡಿ ಅಂತ ಬರೆಯಿತು. ಬೇಳ ಇರುವುದು ಆ ಉತ್ತರದಲ್ಲೇ. ಕೇರಳ ಒಪ್ಪಲಿಲ್ಲ, ಕಡತ ಅಲ್ಲೇ ಮಲಗಿತು. ಬೆಳಗಾವಿಯ ಮಾತು ಬಂದಾಗ ನಿಮ್ಮವರೆಲ್ಲ ಮಹಾಜನ ವರದಿ ಮಹಾಜನ ವರದಿ ಅನ್ನುತ್ತಾರೆ, ಅದೇ ವರದಿಯಲ್ಲಿ ಕಾಸರಗೋಡೂ ಇದೆ ಅನ್ನುವುದು ಎಷ್ಟು ಜನರಿಗೆ ನೆನಪಿದೆಯೋ! ಕೊನೆಯವರೆಗೂ ಅದನ್ನು ಬಿಡದೆ ಹೇಳಿದವರು ಕವಿ ಕಯ್ಯಾರ ಕಿಞ್ಞಣ್ಣ ರೈಗಳು. ಅವರ ಮನೆ ಇದ್ದದ್ದು ಇಲ್ಲೇ ಬದಿಯಡ್ಕದ ಹತ್ತಿರ. ನೂರು ವರ್ಷ ಬದುಕಿದರು, 2015ರಲ್ಲಿ ಹೋದರು.

ಆದರೆ ಇಗರ್ಜಿಯ ಭೂಪಟ ಬದಲಾಗಲಿಲ್ಲ, ಅದೇ ನನಗೆ ಮಜಾ ಅನ್ನಿಸುವುದು. ಒಬ್ಬ ಬಿಷಪರ ಕೈಕೆಳಗಿನ ಪ್ರದೇಶಕ್ಕೆ ಧರ್ಮಪ್ರಾಂತ್ಯ ಅನ್ನುತ್ತಾರೆ. ಬೇಳ ಆಗಲೂ ಮಂಗಳೂರು ಧರ್ಮಪ್ರಾಂತ್ಯದಲ್ಲೇ ಇತ್ತು, ಈಗಲೂ ಅಲ್ಲೇ ಇದೆ. 2012ರಲ್ಲಿ ಉಡುಪಿಯನ್ನು ಮಂಗಳೂರಿನಿಂದ ಬೇರೆ ಮಾಡಿ ಹೊಸ ಧರ್ಮಪ್ರಾಂತ್ಯ ಮಾಡಿದರು. ಒಂದೇ ರಾಜ್ಯದ ಉಡುಪಿ ಹೊರಗೆ ಹೋಯಿತು, ಬೇರೆ ರಾಜ್ಯದ ಬೇಳ ಒಳಗೆ ಉಳಿಯಿತು.

ಇನ್ನು ಭಾಷೆಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದು. ಮೊದಲ ಎಪ್ಪತ್ತು ಚಿಲ್ಲರೆ ವರ್ಷ ಇಲ್ಲಿ ಪೂಜೆ ನಡೆದದ್ದು ಲ್ಯಾಟಿನ್‌ನಲ್ಲಿ. ಆ ಕಾಲಕ್ಕೆ ಲೋಕದ ಎಲ್ಲ ಲ್ಯಾಟಿನ್ ಇಗರ್ಜಿಗಳಲ್ಲೂ ಹಾಗೆಯೇ. ರೋಮಿನಲ್ಲಿ 1962ರಿಂದ 1965ರವರೆಗೆ ಕಥೋಲಿಕ ಬಿಷಪರ ದೊಡ್ಡ ಸಭೆ ನಡೆಯಿತು, ಅದರ ನಂತರ ಜನರ ಭಾಷೆಯಲ್ಲಿ ಪೂಜೆ ಮಾಡಬಹುದು ಅಂತಾಯಿತು. ಕಾಸರಗೋಡು ಯಾವ ಭಾಷೆಯವರದು ಅಂತ ಹೊರಗೆ ಮೆರವಣಿಗೆ, ಮನವಿ, ಆಯೋಗ ನಡೆಯುತ್ತಿದ್ದ ವರ್ಷಗಳು ಅವು. ಅದೇ ಹೊತ್ತಿಗೆ ಒಳಗೆ ಪೀಠದ ಮೇಲೆ ಕೊಂಕಣಿ ಬಂದು ಕೂತಿತು. ಮಂಗಳೂರು ಕಡೆಯ ಕೊಂಕಣಿಯನ್ನು ಬರೆಯುವುದು ಕನ್ನಡ ಲಿಪಿಯಲ್ಲಿ, ಗೊತ್ತಲ್ಲ? ಪ್ರಾರ್ಥನೆ ಪುಸ್ತಕ, ಹಾಡಿನ ಪುಸ್ತಕ, 1938ರಿಂದ ಬರುತ್ತಿರುವ 'ರಾಕ್ಣೊ' ವಾರಪತ್ರಿಕೆ, ಎಲ್ಲ ಕನ್ನಡ ಅಕ್ಷರದಲ್ಲೇ. ನನಗೆ ಅದರ ಅರ್ಥ ಅರ್ಧಂಬರ್ಧ ಗೊತ್ತಾಗುತ್ತದೆ, ಆದರೆ ಗಟ್ಟಿಯಾಗಿ ಓದಬಲ್ಲೆ. ಒಮ್ಮೆ ಒಬ್ಬರ ಮನೆಯಲ್ಲಿ ಹಾಗೆ ಓದಿದಾಗ ಅಲ್ಲಿದ್ದ ಅಜ್ಜಿಗೆ ಭಾರೀ ಖುಷಿ. ಅವರ ಮೊಮ್ಮಗನಿಗೆ ಅರ್ಥ ಎಲ್ಲ ಆಗುತ್ತದೆ, ಓದಲು ಬರುವುದಿಲ್ಲ. ಇಂಗ್ಲಿಷ್ ಮೀಡಿಯಂ, ಜೊತೆಗೆ ಮಲಯಾಳ. ನಾವಿಬ್ಬರು ಸೇರಿ ಒಂದು ಪುಟ ಮುಗಿಸಿದೆವು.

ಅದಕ್ಕೇ ಕನ್ನಡ ಶಾಲೆ ಅಂದರೆ ಇಲ್ಲಿ ಬರೀ ಕನ್ನಡದವರ ವಿಷಯ ಅಲ್ಲ. 2017ರಲ್ಲಿ ಹತ್ತನೆಯ ತರಗತಿವರೆಗೆ ಮಲಯಾಳ ಕಡ್ಡಾಯ ಎಂಬ ಕಾನೂನು ಬಂದಾಗ ಕಾಸರಗೋಡಿನಲ್ಲಿ ಜೋರು ಪ್ರತಿಭಟನೆ ಆಯಿತು. ಮಲಯಾಳ ಕಲಿಯುವುದು ಕೆಟ್ಟದ್ದೇನಲ್ಲ, ಕಲಿತರೆ ಕೆಲಸಕ್ಕೇ ಬರುತ್ತದೆ. ಆದರೆ ಆ ಮಗುವಿಗೆ ಕನ್ನಡ ಅಕ್ಷರ ತಪ್ಪಿದರೆ ಅಜ್ಜಿಯ ಜಪದ ಪುಸ್ತಕವೂ ತಪ್ಪುತ್ತದೆ. ನಮ್ಮ ಭಾಷಣಕಾರರು ಇದನ್ನು ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಅಂದ ಹಾಗೆ ಮಂಜೇಶ್ವರ ಗೋವಿಂದ ಪೈಗಳು ಏಸುವಿನ ಕೊನೆಯ ದಿನದ ಮೇಲೆ 'ಗೊಲ್ಗೊಥಾ' ಬರೆದದ್ದು ನಿನಗೆ ಗೊತ್ತೇ ಇದೆ. ಮನೆಮಾತು ಕೊಂಕಣಿ, ಬರೆದದ್ದು ಕನ್ನಡ, ಬದುಕಿದ್ದು ಈ ನೆಲದಲ್ಲಿ. ನೀನು ಅದನ್ನು ಪಠ್ಯದ ಹಾಗೆ ಓದಿರುತ್ತೀ. ನನಗೆ ಅದು ನೆರೆಮನೆಯ ಸುದ್ದಿ.

ಗಡಿ ನಿಜವಾಗಿಯೂ ಕಣ್ಣಿಗೆ ಕಂಡದ್ದು 2020ರ ಮಾರ್ಚಿನಲ್ಲಿ. ಕೊರೊನಾ ಅಂತ ತಲಪಾಡಿ ಮುಚ್ಚಿತು, ಕೆಲವು ಒಳರಸ್ತೆಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಗೆ ಹೊರಟ ಆಂಬುಲೆನ್ಸುಗಳು ವಾಪಸ್ ಬಂದವು, ದಾರಿ ಸಿಗದೆ ಜನ ಸತ್ತರು, ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಒಂದೂವರೆ ಶತಮಾನದ ಹತ್ತಿರ ಕಾಯಿಲೆ ಬಂದರೆ ಹೋಗುತ್ತಿದ್ದ ಪೇಟೆ ಅದು. 1956ರಲ್ಲಿ ಎಳೆದ ಗೆರೆಯ ಮೇಲೆ ಮಣ್ಣು ಬಿದ್ದಾಗ ನಮ್ಮ ಕಡೆಯವರಿಗೆ ಆದದ್ದು ಸಿಟ್ಟಿಗಿಂತ ಜಾಸ್ತಿ ನಾಚಿಕೆ ಅಂತ ನನಗನ್ನಿಸುತ್ತದೆ. ಎರಡೂ ಕಡೆ ನಮ್ಮವರೇ ಅಂದುಕೊಂಡಿದ್ದೆವಲ್ಲ.

ಸಾಕು, ಬರೆದದ್ದು ಉದ್ದ ಆಯಿತು. ನೀನು ಸೆಪ್ಟೆಂಬರಿನಲ್ಲಿ ಬಾ. 8ಕ್ಕೆ ಮೊಂತಿ ಹಬ್ಬ, ಅಂದರೆ ಮರಿಯಮ್ಮನ ಹುಟ್ಟುಹಬ್ಬ. ಮಕ್ಕಳು ಮರಿಯಮ್ಮನಿಗೆ ಹೂವು ಅರ್ಪಿಸುತ್ತಾರೆ, ಹೊಸ ಭತ್ತದ ತೆನೆಗೆ ಆಶೀರ್ವಾದ ಆಗುತ್ತದೆ, ಮನೆಯಲ್ಲಿ ಹೊಸ ಅಕ್ಕಿ, ಬಾಳೆಲೆಯಲ್ಲಿ ಸಸ್ಯಾಹಾರದ ಊಟ. ನಮ್ಮ ಮನೆಗಳಲ್ಲೂ ಆಸುಪಾಸಿನಲ್ಲೇ ಹೊಸಕ್ಕಿ ಊಟ ಇರುತ್ತದೆ, ಹಾಗಾಗಿ ಒಂದೇ ಸಲ ಬಂದರೆ ಎರಡು ಊಟ. 15ರವರೆಗೆ ಉಳಿದರೆ ಶೋಕಮಾತೆಯ ದಿನವೂ ಸಿಗುತ್ತದೆ.

ಕುಂಬಳೆಯಲ್ಲಿ ಇಳಿದು ಬದಿಯಡ್ಕದ ಬಸ್ಸು ಹತ್ತು. ಬೋರ್ಡು ಓದಲು ಬರದಿದ್ದರೆ ಕಂಡಕ್ಟರನ್ನು ಕನ್ನಡದಲ್ಲೇ ಕೇಳು, ಉತ್ತರ ತುಳುವಿನಲ್ಲಿ ಬಂದರೆ ಗಾಬರಿ ಬೇಡ. ಕೊಡೆ ಮರೆಯಬೇಡ, ಮಳೆ ಇನ್ನೂ ಬಿಟ್ಟಿರುವುದಿಲ್ಲ.

ನಿನ್ನ
ಗಡಿನಾಡಿನ ಗೆಳೆಯ